ಕಡಾಯಿಯಿಂದ ತೆಗೆದ ಕೊಬ್ಬು

ನನ್ನ ಸೊಸೆ ಓಯ್ದಿನ್ ಕಳ್ಳಿ ಎಂದು ಮರ್ಗಿಲಾನಿನ ನಮ್ಮ ಮೊಹಲ್ಲಾದಲ್ಲಿ ಈಗ ಎಲ್ಲರೂ ಹೇಳುತ್ತಾರೆ. ಮೊದಲು ಹೇಳಿದವಳು ನಾನು. ಅದು ಸುಳ್ಳು ಎಂದು ಹೇಳುವಾಗಲೇ ನನಗೆ ಗೊತ್ತಿತ್ತು. ಇಷ್ಟನ್ನು ಮೊದಲೇ ತಿಳಿಸಿಬಿಟ್ಟರೆ ನನ್ನನ್ನು ಒಳ್ಳೆಯವಳೆಂದುಕೊಂಡು ಯಾರೂ ಮೋಸಹೋಗುವುದಿಲ್ಲ.

ನನ್ನ ಹೆಸರು ತುರ್ಸುನೊಯ್, ವಯಸ್ಸು ಐವತ್ತೆಂಟು. ಗಂಡ ತೀರಿಕೊಂಡು ಆರು ವರ್ಷವಾಯಿತು. ಮಗ ಹಮ್ದಮ್ ರೇಷ್ಮೆ ಕಾರ್ಖಾನೆಯಲ್ಲಿ ನೂಲಿಗೆ ಬಣ್ಣ ಹಾಕುತ್ತಾನೆ. ಎಷ್ಟು ಉಜ್ಜಿದರೂ ಅವನ ಉಗುರಿನ ನೀಲಿ ಹೋಗುವುದಿಲ್ಲ. ಓಯ್ದಿನ್ ಅವನ ಹೆಂಡತಿ, ಮದುವೆಗೆ ಮುಂಚೆ ನರ್ಸಿಂಗ್ ಓದಿದವಳು. ಮಗಳು ಸಬೊಹತ್ ಆಗ ಇಪ್ಪತ್ತೈದು ದಾಟಿದ್ದಳು. ಹತ್ತೊಂಬತ್ತಕ್ಕೇ ಹುಡುಗಿಯರನ್ನು ಕಳಿಸಿಕೊಡುವ ಬೀದಿ ನಮ್ಮದು. ಅವಳನ್ನು ನೋಡಿದಾಗಲೆಲ್ಲ ಪಕ್ಕದ ಮನೆಯ ಬಹ್ರಿ ನಿಟ್ಟುಸಿರು ಬಿಡುತ್ತಿದ್ದಳು, ನನಗೆ ಕೇಳಿಸುವಷ್ಟು ಜೋರಾಗಿ.

ನಾನು ನೂರಾ ಹನ್ನೆರಡು ಕಿಲೋ ಇದ್ದೆ. ಇದನ್ನು ನಾಚಿಕೆಯಿಂದ ಹೇಳುತ್ತಿಲ್ಲ. ಮನೆಯೊಡತಿ ದಪ್ಪಗಿದ್ದರೆ ಮನೆ ತುಂಬಿದೆ ಎಂದು ಅರ್ಥ. ಪಲಾವಿನಲ್ಲಿ ನನ್ನ ಕೈಗೆ ಹೆಸರಿತ್ತು. ದುಂಬ, ಅಂದರೆ ಕುರಿಯ ದಪ್ಪ ಬಾಲದ ಕೊಬ್ಬನ್ನು, ಹೋಳು ಮಾಡಿ ಕಡಾಯಿಗೆ ಹಾಕಿ, ಅದು ಕರಗಿ ನೀಲಿ ಹೊಗೆ ಏಳುವವರೆಗೆ ಕಾಯಿಸಿ, ಆಮೇಲೆ ಮಾಂಸ, ಈರುಳ್ಳಿ, ಹಳದಿ ಕ್ಯಾರೆಟ್, ಅಕ್ಕಿ. ತುತ್ತು ಎತ್ತಿದರೆ ಎಣ್ಣೆ ಮೊಣಕೈವರೆಗೆ ಇಳಿಯಬೇಕು, ಇಲ್ಲದಿದ್ದರೆ ಅದು ಪಲಾವಲ್ಲ, ರೋಗಿಯ ಗಂಜಿ ಎಂದು ನನ್ನ ಅತ್ತೆ ಹೇಳಿಕೊಟ್ಟಿದ್ದರು. ಮೂವತ್ತು ವರ್ಷ ನಾನು ಗಂಜಿ ಮಾಡಿದವಳಲ್ಲ.

ಹೋದ ವರ್ಷಕ್ಕೆ ಹಿಂದಿನ ಚಳಿಗಾಲದಲ್ಲಿ ನನ್ನ ಎಡಗಾಲಿನ ಕಿರುಬೆರಳು ಕಪ್ಪಾಯಿತು. ಊರಿನ ಆಸ್ಪತ್ರೆಗೆ ಹೋದರೆ ಸುದ್ದಿ ನನಗಿಂತ ಮೊದಲು ಮನೆ ಸೇರುತ್ತದೆ ಎಂದು ಫರ್ಗಾನಾಕ್ಕೆ ಹೋದೆವು. ಸಕ್ಕರೆ ಕಾಯಿಲೆ ಎಂದರು, ಬೆರಳು ತೆಗೆದರು. ಡಾಕ್ಟರು ನನ್ನ ಮಗಳ ವಯಸ್ಸಿನವಳು. ಮುಖ ಎತ್ತದೆ ಬರೆಯುತ್ತಲೇ ಹೇಳಿದಳು.

"ಇದೇ ಥರ ತಿಂತಾ ಇದ್ರೆ ಮುಂದಿನ ಸಲ ಪಾದ ತೆಗೀಬೇಕಾಗತ್ತೆ. ಅದಾದ್ಮೇಲೆ ಮೊಣಕಾಲು. ಎಷ್ಟು ಸಲ ಬರ್ತೀರೋ ನೀವೇ ಯೋಚನೆ ಮಾಡ್ಕೊಳಿ."

ಒಂದು ಚೀಟಿ ಕೊಟ್ಟಳು. ಬೆಳಿಗ್ಗೆ ಒಂದು ಮೊಟ್ಟೆ, ಮಧ್ಯಾಹ್ನ ಅಂಗೈಯಷ್ಟು ಬೇಯಿಸಿದ ಕೋಳಿ, ಸಂಜೆ ಸೌತೆಕಾಯಿ. ಒಂಬತ್ತು ದಿನ ಆ ಚೀಟಿಯಂತೆ ಬದುಕಿದೆ. ಆ ಒಂಬತ್ತು ದಿನ ಮನೆಯಲ್ಲಿ ಯಾರಿಗೂ ನೆಮ್ಮದಿ ಕೊಡಲಿಲ್ಲ. ಮಗನ ಷರ್ಟಿನ ಗುಂಡಿಗೂ ಬೈದೆ. ಹತ್ತನೆಯ ದಿನ ಉಗ್ರಾಣದಲ್ಲಿ ನಿಂತು ಇಡೀ ರೊಟ್ಟಿಯನ್ನು ಕೆನೆಯಲ್ಲಿ ಅದ್ದಿ ತಿನ್ನುತ್ತಿದ್ದಾಗ ಓಯ್ದಿನ್ ಬಾಗಿಲು ತೆರೆದಳು.

ಬೇರೆ ಸೊಸೆಯಾಗಿದ್ದರೆ ನೋಡದ ಹಾಗೆ ಹೋಗುತ್ತಿದ್ದಳು. ಇವಳು ಒಳಗೆ ಬಂದು ನನ್ನ ಗಲ್ಲದ ಮೇಲಿನ ಕೆನೆ ಒರೆಸಿದಳು.

"ಅಮ್ಮ, ಹಸಿದ ಹೊಟ್ಟೆಗೆ ಬುದ್ಧಿ ಹೇಳಿದ್ರೆ ಕೇಳತ್ತಾ? ನಿಮ್ಮ ತಟ್ಟೆ ಚಿಕ್ಕದು ಮಾಡೋದು ಬೇಡ. ತಟ್ಟೆ ಒಳಗಿರೋದನ್ನ ನಾನು ಬದಲಾಯಿಸ್ತೀನಿ. ಅಡುಗೆಮನೆ ನನಗೆ ಬಿಡಿ."

"ಇವತ್ತು ಅಡುಗೆಮನೆ ಕೇಳ್ತೀಯ, ನಾಳೆ ಬೀರು ಬೀಗದ ಕೈ ಕೇಳ್ತೀಯ."

"ಬೀಗದ ಕೈ ನಿಮ್ಮ ಸೊಂಟದಲ್ಲೇ ಇರ್ಲಿ ಅಮ್ಮ. ನಂಗೆ ಸೌಟು ಸಾಕು."

ಹುಡುಗಿ ಏನೇನು ಮಾಡಿದಳು! ಎಲೆಕೋಸಿನ ದಂಟು, ಟರ್ನಿಪ್ ಗೆಡ್ಡೆ ಇವನ್ನು ಅಕ್ಕಿಕಾಳಿನ ಗಾತ್ರಕ್ಕೆ ಹೆಚ್ಚಿ, ಹಿಂಡಿ, ಅಕ್ಕಿಯ ಜೊತೆ ದಮ್ಮಿಗೆ ಇಡುತ್ತಿದ್ದಳು. ಒಂದು ಪಾಲು ಅಕ್ಕಿ, ಎರಡು ಪಾಲು ಗೆಡ್ಡೆ. ಕ್ಯಾರೆಟ್ಟಿನ ಹಳದಿ ಹತ್ತಿ ಎಲ್ಲ ಒಂದೇ ಬಣ್ಣವಾಗುತ್ತಿತ್ತು. ಮೇಲೆ ಕಡಲೆಕಾಳು, ಒಂದು ಇಡೀ ಬೆಳ್ಳುಳ್ಳಿ ಗಡ್ಡೆ, ಧಾರಾಳ ಜೀರಿಗೆ. ಕೊಬ್ಬನ್ನು ಎರಡು ಹೋಳು ಹಾಕಿ ವಾಸನೆ ಬಿಟ್ಟಕೂಡಲೇ ತೆಗೆಯುತ್ತಿದ್ದಳು. ಮಂತಿಯೊಳಗೆ ಮಾಂಸ ಅರ್ಧ, ಸಿಹಿಕುಂಬಳ ಅರ್ಧ. ನಾವು ಹಬೆಯಲ್ಲಿ ಬೇಯಿಸುವ ಆ ಕಡುಬನ್ನು ನಾನು ಎಂಟು ತಿನ್ನುವವಳು, ಎಂಟೂ ತಿಂದೆ. ಸಾರನ್ನು ರಾತ್ರಿಯಿಡೀ ತಣ್ಣಗಿಟ್ಟು, ಮೇಲೆ ಗಟ್ಟಿಯಾದ ಜಿಡ್ಡನ್ನು ತಟ್ಟೆಯ ಹಾಗೆ ಎತ್ತಿ ತೆಗೆದುಬಿಡುತ್ತಿದ್ದಳು. ಕೆನೆಯ ಜಾಗಕ್ಕೆ ಹಿಂಡಿದ ಮೊಸರು ಬಂತು. ತಟ್ಟೆ ಅದೇ ತಟ್ಟೆ, ಗುಡ್ಡ ಅದೇ ಗುಡ್ಡ. ಉಂಡು ಎದ್ದರೆ ಹೊಟ್ಟೆ ಭಾರ, ತೇಗು ಬರುತ್ತಿತ್ತು.

ಮನೆಮಂದಿಗೆಲ್ಲ ಅದೇ ಊಟ. ನನಗೊಂದು, ಅವರಿಗೊಂದು ಮಾಡು ಎಂದೆ. ಅವಳು ನಕ್ಕಳು.

"ಎರಡು ಕಡಾಯಿ ಇಟ್ರೆ ನೀವು ಎರಡನೇದರ ಪಕ್ಕಾನೇ ಕೂತಿರ್ತೀರಿ ಅಮ್ಮ. ನಂಗೊತ್ತು ನಿಮ್ಮನ್ನ."

ಹಮ್ದಮ್ ಮೊದಲ ವಾರ ಗೊಣಗಿದ. ಎರಡನೆಯ ತಿಂಗಳಿಗೆ ತಟ್ಟೆ ನೆಕ್ಕತೊಡಗಿದ. ಹತ್ತು ತಿಂಗಳಲ್ಲಿ ನಾನು ಎಂಬತ್ತೊಂಬತ್ತು ಕಿಲೋಗೆ ಇಳಿದೆ. ಬೆರಳು ತೆಗೆದ ಜಾಗದ ಗಾಯ ಮುಚ್ಚಿ ಗುಲಾಬಿ ಚರ್ಮ ಬಂತು. ಫರ್ಗಾನಾದ ಡಾಕ್ಟರು ಆ ಸಲ ಮುಖ ಎತ್ತಿ ನೋಡಿದಳು. "ಯಾರು ಅಡುಗೆ ಮಾಡೋದು?" ಎಂದು ಕೇಳಿದಳು. ಸೊಸೆ ಎಂದೆ. "ಅವರ ಕೈಗೆ ಮುತ್ತು ಕೊಡಿ" ಎಂದಳು. ನಾನು ಕೊಡಲಿಲ್ಲ. ಅತ್ತೆಯಾದವಳು ಸೊಸೆಯ ಕೈಗೆ ಮುತ್ತು ಕೊಡುವುದು ನಮ್ಮ ಕಡೆ ಇಲ್ಲ.

ಕಾಯಿಲೆಯ ಮಾತು ಮಾತ್ರ ಮನೆಯ ಹೊಸಿಲು ದಾಟಲಿಲ್ಲ. ತಾಯಿಗೆ ಇದ್ದದ್ದು ಮಗಳಿಗೆ ಬರುತ್ತದೆ ಎನ್ನುತ್ತಾರಲ್ಲ, ಸಬೊಹತ್‌ಳನ್ನು ಆಮೇಲೆ ಯಾರು ಕೇಳುತ್ತಾರೆ? ಬೆರಳಿನ ಮೇಲೆ ಕಲ್ಲು ಬಿತ್ತು ಎಂದು ಬಹ್ರಿಗೆ ಹೇಳಿದೆ. ತೂಕ ಇಳಿದದ್ದಕ್ಕೆ, ಮಂಡಿನೋವಿಗೆ ಉಪವಾಸ ಹಿಡಿದಿದ್ದೇನೆ ಎಂದೆ.

ಕೊಬ್ಬಿನದೇ ಒಂದು ತೊಡಕು. ನನ್ನ ಗಂಡನ ಕಾಲದಿಂದ ನಮ್ಮ ಕಟುಕ ಪ್ರತಿ ಶುಕ್ರವಾರ ನಮ್ಮ ಪಾಲಿನ ದುಂಬ ಎತ್ತಿಡುತ್ತಾನೆ. ಬೇಡ ಎಂದರೆ ಯಾಕೆ ಎನ್ನುತ್ತಾನೆ. ಕಟುಕನಿಗೆ ಗೊತ್ತಾದರೆ ಊರಿಗೆ ಡಂಗುರ ಹೊಡೆಸಿದ ಹಾಗೆಯೇ. ಹಾಗಾಗಿ ತರುವುದು ತಪ್ಪಲಿಲ್ಲ, ತಿನ್ನುವವರು ಇರಲಿಲ್ಲ. ಓಯ್ದಿನ್ ಭಾನುವಾರ ತವರಿಗೆ ಹೊರಟಾಗ ಸೊಸೆಯರಿಗೆ ಕಟ್ಟಿಕೊಡುವ ಗಂಟಿನಲ್ಲಿ ರೊಟ್ಟಿ, ಒಣದ್ರಾಕ್ಷಿಯ ಕೆಳಗೆ ಆ ಕೊಬ್ಬನ್ನೂ ನಾನೇ ಇಡುತ್ತಿದ್ದೆ. ನನ್ನ ಈ ಎರಡು ಕೈಯಲ್ಲಿ.

"ಬೇಡಮ್ಮ, ಅಪ್ಪ ಒಬ್ರೇ. ಅಷ್ಟು ಯಾರು ತಿಂತಾರೆ?"

"ತಗೊಂಡು ಹೋಗು ಅಂದ್ರೆ ತಗೊಂಡು ಹೋಗು. ನಿಮ್ಮಪ್ಪ ಒಣಗಿ ಕಡ್ಡಿ ಆಗಿದಾರೆ. ಇಲ್ಲಿಟ್ರೆ ನನ್ನ ಕಣ್ಣು ಅದರ ಮೇಲೇ ಇರತ್ತೆ."

ಅವಳು ಗಂಟು ಹೊತ್ತು ಬೀದಿಯಲ್ಲಿ ಹೋಗುವುದನ್ನು ಬಹ್ರಿ ಗೋಡೆಯಾಚೆಯಿಂದ ನೋಡುತ್ತಿದ್ದಳು. ಗಂಟಿನ ಅಡಿಯಲ್ಲಿ ಜಿಡ್ಡಿನ ಕಲೆ ಇರುತ್ತಿತ್ತು.

ಆ ವರ್ಷದ ಕೊನೆಯಲ್ಲಿ ಕೊಕಂದಿನಿಂದ ಸಬೊಹತ್‌ಗೆ ಸಂಬಂಧ ಬಂತು. ಹುಡುಗ ಹಲ್ಲಿನ ಡಾಕ್ಟರು. ಅವನ ತಾಯಿ ಮೆತ್ತಗಿನ ಹೆಂಗಸು. ಮಾತೆಲ್ಲ ಜೊತೆಗೆ ಬರುವ ಸೋದರತ್ತೆ ಶರೋಫತ್‌ಳದು. ಎರಡು ಸಲ ಬಂದು ಚಹಾ ಕುಡಿದು ಹೋದರು. ಅಂಗಳ ನೋಡಿದರು, ಸಬೊಹತ್ ನಡೆಯುವುದನ್ನು ನೋಡಿದರು, ಶೌಚದ ಮನೆಯನ್ನೂ ನೋಡಿದರು. ಮೂರನೆಯ ಸಲ ಊಟಕ್ಕೆ ಬರುತ್ತೇವೆ ಎಂದು ಹೇಳಿ ಕಳಿಸಿದರು. ಅಂದರೆ ಊಟ ಮುಗಿದ ಮೇಲೆ ಎರಡು ಕಡೆಯವರೂ ಒಂದು ರೊಟ್ಟಿ ಹಿಡಿದು ಮುರಿಯುವುದು. ಮುರಿದರೆ ಮಾತು ಗಟ್ಟಿ.

ಅವತ್ತು ಬೆಳಿಗ್ಗೆ ಓಯ್ದಿನ್‌ಗೆ ಹೇಳಿದೆ, "ಇವತ್ತು ನಿನ್ನ ಗೆಡ್ಡೆ ಕೋಸು ಏನೂ ಬೇಡ. ನಮ್ಮತ್ತೆ ಕಾಲದ ಪಲಾವ್. ಹಳೇ ಅಳತೆ."

ಅವಳು ಹಾಗೆಯೇ ಮಾಡಿದಳು. ಕೊಬ್ಬು ಕರಗಿ ಹೊಗೆ ಏಳುವ ಹೊತ್ತಿಗೆ ನಾನು ಅಡುಗೆಮನೆಗೆ ಹೋದೆ. ಹತ್ತು ತಿಂಗಳಿಂದ ಮೂಗು ಆ ವಾಸನೆ ಕಂಡಿರಲಿಲ್ಲ. ರೊಟ್ಟಿಯ ಚೂರು ಅದ್ದಿ ಬಾಯಿಗೆ ಹಾಕಿಕೊಂಡರೆ ಗಂಟಲಿಗೆ ಮೇಣ ಮೆತ್ತಿದ ಹಾಗಾಯಿತು.

"ಏನೇ ಇದು, ಬಂಡಿ ಕೀಲಿಗೆ ಸುರಿದ ಹಾಗೆ ಸುರಿದಿದೀಯ! ತೆಗಿ."

"ಅಮ್ಮ, ಇದು ನಿಮ್ಮ ಹಳೇ ಅಳತೇನೇ. ನಿಮ್ಮ ಬಟ್ಟಲಲ್ಲೇ ಅಳೆದು ಹಾಕಿದೀನಿ."

"ನನ್ನ ಅಳತೆ ನನಗೇ ಹೇಳ್ಕೊಡ್ತೀಯ? ಮೂವತ್ತು ವರ್ಷ ಈ ಕಡಾಯಿ ಮುಂದೆ ನಿಂತಿದೀನಿ. ತೆಗಿ ಅಂದೆ."

"ನಮ್ಮ ನಾಲಿಗೆ ಬದಲಾಗಿದೆ ಅಮ್ಮ. ಬರೋರ ನಾಲಿಗೆ ಬದಲಾಗಿಲ್ಲ."

ಎಷ್ಟು ಚೆನ್ನಾಗಿ ಹೇಳಿದ್ದಳು! ನಾನೇ ಸೌಟು ಕಿತ್ತುಕೊಂಡು ಕಡಾಯಿಯಿಂದ ಮೂರು ಸೌಟು ಕೊಬ್ಬು ತೆಗೆದು ಪಕ್ಕದ ಪಾತ್ರೆಗೆ ಸುರಿದೆ. ಆಮೇಲೆ ಕ್ಯಾರೆಟ್ ಇನ್ನೊಂದು ಬೊಗಸೆ ಹಾಕಿಸಿದೆ. ಪಲಾವ್ ಆಯಿತು. ನಾನು ರುಚಿ ನೋಡಿದೆ, ಹಮ್ದಮ್ ನೋಡಿದ, ಸಬೊಹತ್ ನೋಡಿದಳು. ಅಮೃತ ಎಂದೆವು ಮೂವರೂ. ಮೂವರ ನಾಲಿಗೆಯೂ ಹತ್ತು ತಿಂಗಳು ಒಂದೇ ಮೇಷ್ಟ್ರ ಹತ್ತಿರ ಪಾಠ ಕಲಿತಿತ್ತು. ಓಯ್ದಿನ್ ಬಡಿಸುವ ಅಗಲ ಪರಾತ ಒರೆಸುತ್ತಿದ್ದಳು.

ದೊಡ್ಡ ಪರಾತದಲ್ಲಿ ಪಲಾವ್ ಬಡಿಸಿ ನಡುವೆ ಇಟ್ಟೆವು. ಶರೋಫತ್ ತೋಳು ಮಡಿಚಿ, ಬಿಸ್ಮಿಲ್ಲಾ ಹೇಳಿ, ಮೂರು ಬೆರಳಲ್ಲಿ ತುತ್ತು ಒತ್ತಿ ಬಾಯಿಗೆ ಹಾಕಿಕೊಂಡಳು. ಅಗಿದಳು. ಇನ್ನೊಂದು ತುತ್ತು. ನಿಲ್ಲಿಸಿದಳು. ಸಬೊಹತ್ ಅವಳಿಗೆ ಕೈ ಒರೆಸಿಕೊಳ್ಳಲು ಟವೆಲ್ ಚಾಚಿದಾಗ ಶರೋಫತ್ ತನ್ನ ಬೆರಳುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು.

"ಟವೆಲ್ ಯಾಕಮ್ಮ, ಕೈ ಒದ್ದೇನೇ ಆಗ್ಲಿಲ್ಲ."

ಹುಡುಗನ ತಾಯಿ ಗಾಬರಿಯಿಂದ, "ಕ್ಯಾರೆಟ್ ಚೆನ್ನಾಗಿದೆ" ಎಂದಳು. ಪಲಾವಿನಲ್ಲಿ ಕ್ಯಾರೆಟ್ ಹೊಗಳುವುದೆಂದರೆ ಮದುಮಗಳನ್ನು ನೋಡಿ ಚಪ್ಪಲಿ ಚೆನ್ನಾಗಿದೆ ಎಂದ ಹಾಗೆ.

"ಮನೇಲಿ ಯಾರಿಗಾದ್ರೂ ಹುಷಾರಿಲ್ವಾ ಅಕ್ಕ?" ಶರೋಫತ್ ಕೇಳಿದಳು. "ಆಸ್ಪತ್ರೆ ಊಟ ನೆನಪಾಯ್ತು, ಅದಕ್ಕೆ ಕೇಳ್ದೆ. ನೀವೂ ತುಂಬ ಇಳಿದುಹೋಗಿದೀರಿ ಅಂತ ಬೀದೀಲಿ ಯಾರೋ ಅಂತಿದ್ರು. ಇಲ್ಲಾ, ಕೈ ಸ್ವಲ್ಪ ಬಿಗಿ ಇದೆಯಾ? ಹೆಣ್ಣು ತರೋ ಮನೆ ಹೇಗಿದೆ ಅಂತ ನಾವು ತಿಳ್ಕೋಬೇಕಲ್ಲ."

ರೊಟ್ಟಿ ಊಟದ ಹಾಸಿನ ಮೇಲೆ ಇಡಿಯಾಗಿ ಬಿದ್ದಿತ್ತು. ಅದರ ಕಡೆ ಯಾರ ಕೈಯೂ ಹೋಗುತ್ತಿರಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಅದು ಕಣ್ಣೆದುರೇ ಆಗುತ್ತಿತ್ತು. ಕಾಯಿಲೆ ಎಂದರೆ ಸಬೊಹತ್ ಉಳಿದುಹೋಗುತ್ತಾಳೆ. ಬಡತನ ಎಂದರೂ ಉಳಿದುಹೋಗುತ್ತಾಳೆ. ಜಿಪುಣಿ ಎಂದರೆ ನನ್ನ ಹೆಸರು ಹೋಗುತ್ತದೆ. ಓಯ್ದಿನ್ ಬಾಗಿಲ ಹತ್ತಿರ ಚಹಾದ ಕೆಟಲ್ ಹಿಡಿದು ನಿಂತಿದ್ದಳು. ಅವಳನ್ನು ನೋಡಿದ ತಕ್ಷಣ ಮಾತು ತಾನಾಗಿ ಬಂತು. ಯೋಚನೆ ಮಾಡಿ ಆಡಿದೆ ಎಂದು ಹೇಳಲಾರೆ. ಯೋಚಿಸಲಿಲ್ಲ ಎಂದು ಹೇಳಿದರೂ ಸುಳ್ಳಾಗುತ್ತದೆ.

"ಮನೆ ಮಾತು, ಹೇಳ್ಬಾರ್ದು ಶರೋಫತ್. ದುಂಬ ಪ್ರತಿ ವಾರ ಬರತ್ತೆ, ಬೇಕಾದ್ರೆ ಕಟುಕನ್ನ ಕೇಳಿ. ಆದ್ರೆ ಕಡಾಯಿಗೆ ಬೀಳೋ ಮುಂಚೆ ತವರುಮನೆ ಗಂಟಿಗೆ ಬೀಳತ್ತೆ. ನಮ್ಮ ಸೊಸೆ ಕೈ ಶುದ್ಧ ಇಲ್ಲ. ಏನ್ ಮಾಡ್ಲಿ, ಸಹಿಸ್ಕೊಂಡು ಹೋಗ್ತಿದೀನಿ."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಇಬ್ಬರ ಮುಖವೂ ಅರಳಿತು. ಕಳ್ಳ ಸೊಸೆಯ ಕಥೆ ಯಾವ ಮನೆಯಲ್ಲಿಲ್ಲ? ಶರೋಫತ್ ತನ್ನ ತಂಗಿಯ ಸೊಸೆ ಸಕ್ಕರೆ ಕದಿಯುತ್ತಿದ್ದ ಕಥೆ ಹೇಳಿದಳು, ಹುಡುಗನ ತಾಯಿ ಅಯ್ಯೋ ಪಾಪ ಎಂದು ನನ್ನ ಮೊಣಕೈ ತಟ್ಟಿದಳು. ನಕ್ಕೆವು ಕೂಡ. ರೊಟ್ಟಿ ಮುರಿದೆವು. ಓಯ್ದಿನ್ ಎಲ್ಲರ ಬಟ್ಟಲಿಗೂ ಅರ್ಧರ್ಧ ಚಹಾ ಬಗ್ಗಿಸಿದಳು, ನಮ್ಮಲ್ಲಿ ಅತಿಥಿಗೆ ಅರ್ಧ ಬಟ್ಟಲೇ ಮರ್ಯಾದೆ. ಒಂದು ಹನಿ ಚೆಲ್ಲಲಿಲ್ಲ. ಅತ್ತರೆ ಬೈಯೋಣ ಎಂದು ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಅವಳು ಅಳಲಿಲ್ಲ.

ಅವರು ಹೋದ ಮೇಲೆ ಅಡುಗೆಮನೆಯಲ್ಲಿ ಪರಾತ ತೊಳೆಯುತ್ತ ಕೇಳಿದಳು.

"ಯಾಕೆ ಹೇಳಿದ್ರಿ ಅಂತ ನಂಗೆ ಗೊತ್ತಾಯ್ತಮ್ಮ. ಸಬೊಹತ್‌ಗೋಸ್ಕರ. ಆಗ್ಲಿ. ಯಾವಾಗ ಸರಿ ಮಾಡ್ತೀರಿ, ಅದೊಂದು ಹೇಳಿ."

"ಮದುವೆ ಮುಗೀಲಿ."

"ಮದುವೆ ಆದ ಮಾರನೇ ದಿನ?"

"ಹೂಂ ಅಂದ್ನಲ್ಲ."

ಸಬೊಹತ್ ಒಳಕೋಣೆಯಲ್ಲಿ ಎಲ್ಲ ಕೇಳಿಸಿಕೊಂಡಿದ್ದಳು. ಅತ್ತಿಗೆಯ ಕೈ ಹಿಡಿದು ಅತ್ತಳು, ಆಮೇಲೆ ನನ್ನ ಹತ್ತಿರ ಬಂದು, "ಅಮ್ಮ, ಮದುವೆ ಆಗೋವರೆಗೂ ಏನೂ ಹೇಳ್ಬೇಡ" ಎಂದಳು. ಹಮ್ದಮ್ ಮಾತ್ರ ಸಂಜೆ ನನ್ನೆದುರು ನಿಂತು, "ಆ ಗಂಟು ನೀವೇ ಕಟ್ತಿದ್ರಲ್ಲಮ್ಮ?" ಎಂದು ಕೇಳಿದ. "ಹೆಂಡತಿ ಕಡೆ ಮಾತಾಡೋಕೆ ಶುರು ಮಾಡಿದ್ಯಾ?" ಎಂದೆ. ತಲೆ ತಗ್ಗಿಸಿದ. ನಮ್ಮ ಗಂಡುಮಕ್ಕಳಿಗೆ ಈ ಒಂದು ಮಾತು ಸಾಕು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಒಂದು ವಾರದೊಳಗೆ ಅದು ಕೊಕಂದ್ ಸುತ್ತಿ ನಮ್ಮ ಬೀದಿಗೆ ಬಂತು. ಬಹ್ರಿಗೆ ಜಿಡ್ಡಿನ ಕಲೆಯ ಗಂಟು ನೆನಪಾಯಿತು. ಮೊಹಲ್ಲಾದ ಒಂದು ಸುನ್ನತಿಯ ಮನೆಯಲ್ಲಿ ಹೆಂಗಸರೆಲ್ಲ ಕೂತು ಮಾಂಸ ಹೆಚ್ಚುತ್ತಿದ್ದರು. ಓಯ್ದಿನ್ ಚಾಕು ತೆಗೆದುಕೊಂಡು ಕುಳಿತಳು. "ನೀನು ಆ ಕಡೆ ಹೋಗಿ ಈರುಳ್ಳಿ ಸುಲಿಯಮ್ಮ" ಎಂದರು. ಮಧ್ಯಾಹ್ನದವರೆಗೆ ಈರುಳ್ಳಿ ಸುಲಿದಳು. ನಾನು ಅಲ್ಲೇ ದಿಂಬಿಗೆ ಒರಗಿ ಕುಳಿತು ಚಹಾ ಕುಡಿಯುತ್ತಿದ್ದೆ.

ಮುಂದಿನ ಶುಕ್ರವಾರ ಅವಳ ಅಪ್ಪ ಇಸ್ಮತ್ ಬಂದರು. ನಿವೃತ್ತ ಶಾಲಾ ಮೇಷ್ಟ್ರು, ಸಣಕಲು ದೇಹ, ಹಳೆಯ ಕೋಟಿನ ಗುಂಡಿ ಕುತ್ತಿಗೆವರೆಗೆ ಹಾಕಿದ್ದರು. ಎರಡು ಕೈಯಲ್ಲಿ ಬಟ್ಟೆ ಸುತ್ತಿದ ಭಾರವಾದ ಏನನ್ನೋ ಎತ್ತಿಕೊಂಡು ಬಂದಿದ್ದರು. ಅಂಗಳದ ಮಂಚದ ಮೇಲಿಟ್ಟು ಬಟ್ಟೆ ಬಿಚ್ಚಿದರು. ಇಡೀ ಒಂದು ದುಂಬ, ಎಳೆಯ ಕುರಿಯದಲ್ಲ, ದೊಡ್ಡದು, ಬಿಳಿ.

"ಬೀಗಿತಿಯವರೆ, ನನ್ನ ಮಗಳು ನಿಮ್ಮ ಮನೆಯಿಂದ ತಂದದ್ದು ಇಷ್ಟೋ ಇನ್ನೂ ಹೆಚ್ಚೋ ನ್ಯಾಪಕ ಇಲ್ಲ. ಕಡಿಮೆ ಆಗಿದ್ರೆ ಹೇಳಿ, ಮತ್ತೆ ತರ್ತೀನಿ."

"ಕೂತ್ಕೊಳಿ, ಚಹಾ ಕುಡೀರಿ" ಎಂದೆ.

"ನಿಮ್ಮ ಮನೇಲಿ ಕುಡಿಯೋ ಮುಖ ನನಗೆ ಉಳಿದಿಲ್ಲ" ಎಂದು ಸಲಾಮ್ ಹೇಳಿ ಹೊರಟರು. ಗೋಡೆಯಾಚೆ ಬಹ್ರಿಯ ತಲೆವಸ್ತ್ರ ಕಾಣುತ್ತಿತ್ತು. ಆ ಮನುಷ್ಯನ ಕಾಲು ಹಿಡಿದು ನಿಲ್ಲಿಸಬೇಕಿತ್ತು ನಾನು. ಹಾಳಾದ ಜನ್ಮ, ನಿಲ್ಲಿಸಲಿಲ್ಲ.

ಮಾರನೆಯ ದಿನ ಓಯ್ದಿನ್ ಆ ದುಂಬದಿಂದ ಒಂದು ದೊಡ್ಡ ತುಂಡು ಕೊಯ್ದು ಮಣೆಯ ಮೇಲಿಟ್ಟು ಅಂಗಳಕ್ಕೆ ತಂದಳು.

"ಅಮ್ಮ, ನೋಡ್ಕೊಳಿ. ಇಷ್ಟಿದೆ. ಎಲ್ಲಾನೂ ಕಡಾಯಿಗೆ ಹಾಕ್ತೀನಿ."

"ಅಷ್ಟು ಬೇಡ" ಎಂದೆ, ಮೆಲ್ಲಗೆ.

ಅವಳು ಗೋಡೆಯಾಚೆಗೂ ಕೇಳಿಸುವ ಹಾಗೆ ಹೇಳಿದಳು. "ಕಡಿಮೆ ಹಾಕಿದ್ರೆ ಮಿಕ್ಕಿದ್ದು ಎಲ್ಲಿ ಹೋಯ್ತು ಅಂತ ಕೇಳ್ತಾರಮ್ಮ. ನೀವು ನೋಡಿ, ಆಮೇಲೆ ಹಾಕ್ತೀನಿ."

ಅಂದಿನಿಂದ ದಿನವೂ ಹೀಗೆ. ದಿನವೂ ಮಣೆ, ದಿನವೂ "ನೋಡ್ಕೊಳಿ ಅಮ್ಮ". ಗೆಡ್ಡೆ ಹೋಯಿತು, ಕೋಸು ಹೋಯಿತು, ಕುಂಬಳ ಹೋಯಿತು. ಸಾರಿನ ಮೇಲೆ ಬೆರಳು ದಪ್ಪ ಜಿಡ್ಡು. ಕಳ್ಳಿ ಎಂಬ ಹೆಸರು ಹೊತ್ತ ಸೊಸೆ ಇನ್ನೇನು ಮಾಡಬೇಕು? ಕಡಾಯಿಯಿಂದ ಒಂದು ಹೋಳು ತೆಗೆದರೂ ಅದು ಕದ್ದದ್ದೇ ಆಗುತ್ತದೆ. ನೀನೇ ಅಡುಗೆ ಮಾಡಿಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಒಮ್ಮೆ ಮನೆಯಲ್ಲಿ ಯಾರೂ ಇಲ್ಲದಾಗ ಕೋಸು ಹೆಚ್ಚಿ ಪಲಾವ್ ಮಾಡಲು ನೋಡಿದೆ. ಬಟ್ಟೆ ಒಗೆದ ನೀರಿನ ವಾಸನೆ ಬಂತು, ಕೋಳಿಗಳಿಗೆ ಸುರಿದೆ. ಮೂವತ್ತು ವರ್ಷದ ನನ್ನ ಕೈಚಳಕವೆಲ್ಲ ಕೊಬ್ಬಿನದಾಗಿತ್ತು, ಅವಳದು ಕೈಯದು. ಮತ್ತೆ, ನಿಜವನ್ನೇ ಹೇಳಬೇಕೆಂದರೆ, ನಾಲ್ಕನೆಯ ದಿನದಿಂದ ಅದು ನನಗೆ ರುಚಿಸತೊಡಗಿತು.

ಮದುವೆ ಶರತ್ಕಾಲದಲ್ಲಿ ಆಯಿತು, ಚೆನ್ನಾಗಿಯೇ ಆಯಿತು. ಮಾರನೆಯ ದಿನ ಬೆಳಿಗ್ಗೆ ಓಯ್ದಿನ್ ಅಂಗಳ ಗುಡಿಸಿ ನನ್ನೆದುರು ಬಂದು ನಿಂತಳು.

"ಮದುಮಗಳು ಹೋದ ಮನೇಲಿ ನಲವತ್ತು ದಿನ ಕಳೀಲಿ" ಎಂದೆ.

ನಲವತ್ತು ದಿನ ಕಳೆಯಿತು. ಸಬೊಹತ್ ಬಸುರಿ ಎಂದು ಸುದ್ದಿ ಬಂತು. ಬಸುರಿಯನ್ನು ನೋಯಿಸಬಾರದು, ಹೆರಿಗೆಯಾಗಲಿ ಎಂದೆ. ಆಮೇಲೆ ಓಯ್ದಿನ್ ಬಂದು ನಿಲ್ಲುವುದನ್ನು ಬಿಟ್ಟಳು.

ಚಳಿ ಶುರುವಾದಾಗ ಬೆರಳಿನ ಜಾಗ ಮತ್ತೆ ಒಡೆಯಿತು. ಮೊದಲು ಕಾಳಿನಷ್ಟು, ಆಮೇಲೆ ಗುಂಡಿಯಷ್ಟು, ಆಮೇಲೆ ಹಿಮ್ಮಡಿಯವರೆಗೆ. ಬೆಳಿಗ್ಗೆ ಬೆಳಿಗ್ಗೆ ಬಿಸಿನೀರು, ಹತ್ತಿ ತೆಗೆದುಕೊಂಡು ಅವಳೇ ಬಂದು ಕೂರುತ್ತಿದ್ದಳು. ಹುಣ್ಣು ತೊಳೆಯುವ ಆ ಕೈಯಲ್ಲಿ ಒಂದು ದಿನವೂ ಒರಟುತನ ಇರಲಿಲ್ಲ. ಇದ್ದಿದ್ದರೆ ಬೈಯಲು ನನಗೇನಾದರೂ ಸಿಗುತ್ತಿತ್ತು. ಒಂದು ದಿನ ತಡೆಯಲಾರದೆ ಹೇಳಿದೆ.

"ಓಯ್ದಿನ್, ಮೊದಲಿನ ಹಾಗೆ ಅಡುಗೆ ಮಾಡಮ್ಮ. ಆ ಗೆಡ್ಡೆ ಹಾಕಿ. ಕಾಲು ಉಳಿಸ್ಕೊಡು."

ಅವಳು ಬ್ಯಾಂಡೇಜಿನ ತುದಿ ಸಿಕ್ಕಿಸಿ, ಕೈ ಒರೆಸಿಕೊಂಡು, ನನ್ನ ಮುಖ ನೋಡಿದಳು.

"ಇವತ್ತೇ ಮಾಡ್ತೀನಮ್ಮ. ಗೋಡೆ ಹತ್ರ ಬಂದು ಬಹ್ರಿ ಅಕ್ಕನ್ನ ಕರೆದು ಒಂದೇ ಒಂದು ಮಾತು ಹೇಳಿ. ಆ ಕೊಬ್ಬು ನಾನೇ ಕಟ್ಟಿಕೊಡ್ತಿದ್ದೆ ಅಂತ. ಕಾಯಿಲೆ ವಿಷ್ಯ ಬೇಡ, ಬೇರೆ ಏನೂ ಬೇಡ. ನಮ್ಮಪ್ಪ ಈಗ ಮಸೀದಿಗೂ ಹಿಂದಿನ ಬೀದೀಲಿ ಸುತ್ತಿ ಹೋಗ್ತಾರೆ."

"ನೋಡೋಣ" ಎಂದೆ.

ಅವತ್ತು ಮಧ್ಯಾಹ್ನ ಮಣೆ ಬಂತು. ನೋಡಿದೆ, ತಲೆ ಆಡಿಸಿದೆ. ಬಡಿಸಿದ್ದನ್ನು ಉಂಡೆ.

ಹೋದ ವಾರ ಫರ್ಗಾನಾದಲ್ಲಿ ಆ ಡಾಕ್ಟರು ಮತ್ತೆ ಮುಖ ಎತ್ತದೆ ಬರೆದಳು. ಗುರುವಾರ ಪಾದ ತೆಗೆಯುತ್ತಾರೆ. ಇನ್ನು ಮುಚ್ಚಿಡಲು ಏನಿದೆ? ಸುದ್ದಿ ಎಲ್ಲ ಕಡೆ ಹೋಯಿತು. ನಿನ್ನೆ ಮೊಹಲ್ಲಾದ ಹೆಂಗಸರೆಲ್ಲ ನೋಡಲು ಬಂದರು. ಕೊಕಂದಿನಿಂದ ಶರೋಫತ್ ಕೂಡ ಬಂದಳು, ಬುಟ್ಟಿ ತುಂಬ ದಾಳಿಂಬೆ ತಂದಿದ್ದಳು. ನನ್ನ ಪಕ್ಕ ಕುಳಿತು ಕಾಲಿನ ಮೇಲೆ ಕೈಯಿಟ್ಟು ಹೇಳಿದಳು.

"ಮೊದಲೇ ಯಾಕೆ ಹೇಳ್ಲಿಲ್ಲ ಅಕ್ಕ? ನನಗೂ ಇದೆ, ಏಳು ವರ್ಷ ಆಯ್ತು. ನಮ್ಮತ್ತಿಗೆಗೂ ಇದೆ. ಈ ಕಾಲದಲ್ಲಿ ಯಾರ ಮನೇಲಿಲ್ಲ?"

ಹುಡುಗನ ತಾಯಿಗೂ ಇದೆ! ಯಾವುದಕ್ಕೆ ಹೆದರಿ ಅಷ್ಟೆಲ್ಲ ಮಾಡಿದೆನೋ ಅದು ಅವರ ಮನೆಯ ಬೀರುವಿನಲ್ಲಿ ಮಾತ್ರೆಯ ಡಬ್ಬಿಯಾಗಿ ಕೂತಿತ್ತು. ಅವತ್ತು ನಿಜ ಹೇಳಿದ್ದರೂ ರೊಟ್ಟಿ ಮುರಿಯುತ್ತಿತ್ತು.

ಬಹ್ರಿ ಬಾಯಿ ಹಾಕಿದಳು. "ಕಾಯಿಲೆ ಸುಮ್ನೆ ಬರತ್ತಾ? ಒಳಗೊಳಗೇ ಕೊರಗಿ ಕೊರಗಿ ಬಂದಿದ್ದು. ಮನೇಲಿ ಕಳ್ಳೀನ ಇಟ್ಕೊಂಡು ಯಾರಿಗೆ ನೆಮ್ಮದಿ ಇರತ್ತೆ?"

ಹೆಂಗಸರು ತಲೆ ಆಡಿಸಿದರು. ಓಯ್ದಿನ್ ಬಾಗಿಲ ಹತ್ತಿರ ಕೆಟಲ್ ಹಿಡಿದು ನಿಂತಿದ್ದಳು. ಬಹ್ರಿಯ ಮಾತು ಅವಳಿಗೆ ಕೇಳಿಸಿತು. ಅವಳು ಬಹ್ರಿಯನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

ಎಲ್ಲರೂ ಅಲ್ಲೇ ಇದ್ದರು. ಸಬೊಹತ್‌ಳ ಮದುವೆಗೆ ಇನ್ನು ಭಯವಿಲ್ಲ, ಕಾಯಿಲೆ ಗುಟ್ಟಾಗಿ ಉಳಿದಿಲ್ಲ, ಕಾಲು ಹೋಗುವುದು ಹೋಗಿಯೇ ಹೋಗುತ್ತದೆ. ಹೇಳದಿರಲು ನನ್ನ ಹತ್ತಿರ ಒಂದು ನೆಪವೂ ಇರಲಿಲ್ಲ. ಹೇಳಬೇಕಾದ ಮಾತು ಐದಾರು ಪದದ್ದು. ನಾನು ಬಾಯಿ ತೆರೆದೆ. ಮನೆ ತುಂಬ ಹೆಂಗಸರು, ಎಲ್ಲರ ಕಣ್ಣೂ ನನ್ನ ಮೇಲೆ, ಎಲ್ಲರ ಮುಖದಲ್ಲೂ ನನಗಾಗಿ ಅಯ್ಯೋ ಪಾಪ.

"ಚಹಾ ತಣ್ಣಗಾಗಿದೆ" ಎಂದೆ. "ಬೇರೆ ಹಾಕ್ಕೊಂಡು ಬಾ."

"ಆಯ್ತಮ್ಮ" ಎಂದು ಅವಳು ಹೋದಳು.

"ಇಷ್ಟೆಲ್ಲ ಸಹಿಸ್ತೀಯಲ್ಲ ತುರ್ಸುನೊಯ್, ನಿನ್ನ ತಾಳ್ಮೆ ದೊಡ್ಡದು" ಎಂದಳು ಬಹ್ರಿ. ನಾನು ತಲೆವಸ್ತ್ರದ ತುದಿಯಿಂದ ಕಣ್ಣು ಒರೆಸಿಕೊಂಡೆ. ಎಲ್ಲರೂ ನಂಬಿದರು.